ಹೊಸದುರ್ಗ ಮೊದಲೋ, ಹೊಳಲ್ಕೆರೆ ಮೊದಲೋ?

(ಕಡೂರು ತಾಲ್ಲೂಕಿನ ಚೌಳಹಿರಿಯೂರಿನಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು ಹಾಗೂ ಊರವರ ಮುಂದೆ ಮಾಡಿದ ಭಾಷಣದ ಬರಹರೂಪ)



ನಿಮ್ಮ ತಾಲ್ಲೂಕಿಗೆ ಹೊಂದಿಕೊಂಡಿರುವ ಚಿತ್ರದುರ್ಗ ಜಿಲ್ಲೆಯಲ್ಲಿ ಹೊಸದುರ್ಗ, ಹೊಳಲ್ಕೆರೆ ಎಂಬ ಎರಡು ತಾಲ್ಲೂಕುಗಳಿವೆ. ಇವೆರಡನ್ನು ಅಕಾರಾದಿಯಾಗಿ ಬರೆಯಬೇಕೆಂದರೆ ಯಾವುದು ಮೊದಲು ಬರಬೇಕು? ಎರಡೂ ‘ಹೊ’ದಿಂದಲೇ ಆರಂಭವಾಗುತ್ತವೆ. ಎರಡನೆಯ ಅಕ್ಷರ ಒಂದರಲ್ಲಿ ‘ಸ’, ಇನ್ನೊಂದರಲ್ಲಿ ‘ಳ’. ಒಂದನೆಯ ತರಗತಿಯಲ್ಲಿ ‘ಯ ರ ಲ ವ ಶ ಷ ಸ ಹ ಳ’ ಎಂದು ಕೂಗಿ ಕಲಿತ ಯಾರೇ ಆಗಲಿ, ‘ಸ’ ಮೊದಲು, ‘ಳ’ ಕೊನೆಗೆ, ಆದ್ದರಿಂದ ಹೊಸದುರ್ಗವೇ ಮೊದಲು ಎನ್ನುತ್ತಾರೆ. ನಮ್ಮ ನಿಘಂಟುಗಳ ಉತ್ತರವೂ ಅದೇ.

ಇದೇ ಪ್ರಶ್ನೆಯನ್ನು ಕಂಪ್ಯೂಟರಿಗೆ ಹಾಕಿ. ಅದಕ್ಕೆ ಕನ್ನಡದ ಕ್ರಮ ಯಾವುದೆಂದು ಯಾರೂ ಹೇಳಿರದಿದ್ದರೆ ಅದು ಹೊಳಲ್ಕೆರೆ ಮೊದಲು ಎನ್ನುತ್ತದೆ. ಯಂತ್ರ ಕೆಟ್ಟಿಲ್ಲ, ಲೆಕ್ಕದಲ್ಲಿ ತಪ್ಪೂ ಇಲ್ಲ. ಅದು ಬೇರೊಂದು ಕ್ರಮವನ್ನು ಅನುಸರಿಸುತ್ತಿದೆ, ಅಷ್ಟೆ. ಆ ಕ್ರಮ ಎಲ್ಲಿಂದ ಬಂತು, ನಮ್ಮ ಕ್ರಮ ಎಲ್ಲಿಂದ ಬಂತು, ಎರಡಕ್ಕೂ ವ್ಯತ್ಯಾಸವಾದರೆ ಏನು ನಷ್ಟ ಎಂಬುದು ಈ ದಿನ ನಾನು ಹೇಳಬೇಕಾದ ವಿಷಯ.

ಮೊದಲು ಕ್ರಮ ಎಂದರೇನು ಎಂಬುದನ್ನು ನೋಡೋಣ. ಕಡೂರು ತಾಲ್ಲೂಕಿನ ಕೆಲವು ಊರುಗಳನ್ನು ಕನ್ನಡದಲ್ಲಿ ಅಕಾರಾದಿಯಾಗಿ ಬರೆದರೆ ಕಡೂರು, ಚೌಳಹಿರಿಯೂರು, ಪಂಚನಹಳ್ಳಿ, ಬೀರೂರು, ಯಗಟಿ, ಸಖರಾಯಪಟ್ಟಣ, ಸಿಂಗಟಗೆರೆ, ಹಿರೇನಲ್ಲೂರು ಎಂದಾಗುತ್ತದೆ. ಇವೇ ಊರುಗಳನ್ನು ಇಂಗ್ಲಿಷಿನ ಎ ಬಿ ಸಿ ಡಿ ಕ್ರಮದಲ್ಲಿ ಬರೆದರೆ ಬೀರೂರು ಮೊದಲಿಗೆ ಬರುತ್ತದೆ, ಹಿರೇನಲ್ಲೂರು ಮೂರನೆಯ ಜಾಗಕ್ಕೆ ಹಾರುತ್ತದೆ, ಯಗಟಿ ಕಟ್ಟಕಡೆಗೆ ಹೋಗಿ ನಿಲ್ಲುತ್ತದೆ. ನಿಮ್ಮ ಚೌಳಹಿರಿಯೂರು ಮಾತ್ರ ಎರಡು ಪಟ್ಟಿಯಲ್ಲೂ ಎರಡನೆಯದು! ಅದು ಕೇವಲ ಆಕಸ್ಮಿಕ. ಊರು ಅವೇ, ಹೆಸರು ಅವೇ, ಕ್ರಮ ಮಾತ್ರ ಬೇರೆ. ಕ್ರಮ ಎಂಬುದು ಹೆಸರಿನೊಳಗೆ ಇರುವ ಗುಣವಲ್ಲ, ಅದನ್ನು ಬಳಸುವ ಜನ ಮಾಡಿಕೊಂಡ ಒಪ್ಪಂದ.

ನಮ್ಮ ಒಪ್ಪಂದಕ್ಕೆ ದೀರ್ಘ ಚರಿತ್ರೆಯಿದೆ. ಎ ಬಿ ಸಿ ಡಿ ಕ್ರಮದಲ್ಲಿ ‘ಎ’ ಆದ ಮೇಲೆ ‘ಬಿ’ಯೇ ಏಕೆ ಬರಬೇಕು ಎಂಬುದಕ್ಕೆ ಉಚ್ಚಾರಣೆಯಲ್ಲಿ ಕಾರಣ ಸಿಗದು. ಭಾರತದ ವರ್ಣಮಾಲೆ ಹಾಗಲ್ಲ. ಸ್ವರಗಳು ಒಂದು ಗುಂಪು, ವ್ಯಂಜನಗಳು ಇನ್ನೊಂದು. ವ್ಯಂಜನಗಳಲ್ಲಿ ಗಂಟಲಿನ ಹತ್ತಿರ ಹುಟ್ಟುವ ‘ಕ’ ವರ್ಗದಿಂದ ಹೊರಟು, ಬಾಯಿಯೊಳಗೆ ಮುಂದೆ ಮುಂದೆ ಬರುತ್ತ, ತುಟಿಗಳಲ್ಲಿ ಹುಟ್ಟುವ ‘ಪ’ ವರ್ಗಕ್ಕೆ ಮುಟ್ಟುತ್ತೇವೆ. ಆಮೇಲೆ ‘ಯ’ದಿಂದ ‘ಹ’ದವರೆಗಿನ ಅವರ್ಗೀಯಗಳು. ಸಂಸ್ಕೃತದ ವರ್ಣಮಾಲೆ ‘ಹ’ಕಾರದಲ್ಲಿ ಮುಗಿಯುತ್ತದೆ.

ಕನ್ನಡಕ್ಕೆ ಅಷ್ಟು ಸಾಲದು. ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಹ್ರಸ್ವ ‘ಎ’, ಹ್ರಸ್ವ ‘ಒ’, ‘ಱ’, ‘ೞ’, ‘ಳ’ ಎಂಬ ಐದು ಅಕ್ಷರಗಳನ್ನು ದೇಶೀಯವೆಂದು ಗುರುತಿಸುತ್ತಾನೆ. ಸಂಸ್ಕೃತದ ಮಾಲೆಗೆ ಕನ್ನಡ ತನ್ನದಾಗಿ ಸೇರಿಸಿಕೊಂಡ ಮಣಿಗಳಿವು. ‘ಎ’, ‘ಒ’ಗಳು ತಮ್ಮ ದೀರ್ಘ ರೂಪಗಳ ಪಕ್ಕದಲ್ಲಿ ಜಾಗ ಪಡೆದವು. ‘ಳ’ ಮಾಲೆಯ ತುದಿಗೆ, ‘ಹ’ ಆದ ಮೇಲೆ ಬಂದು ಕುಳಿತಿತು. ಉಚ್ಚಾರಣೆಯನ್ನು ಮಾತ್ರ ನೋಡಿದರೆ ‘ಳ’ದ ಜಾಗ ‘ಲ’ದ ಪಕ್ಕದಲ್ಲಿರಬೇಕಿತ್ತು ಎಂದು ವಾದಿಸಬಹುದು. ಆದರೆ ಕನ್ನಡಿಗರು ಅದನ್ನು ಕೊನೆಯ ಅಕ್ಷರವೆಂದೇ ಕಲಿತರು, ಕಲಿಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂದ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟಾಗಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟಾಗಲಿ ನಮಗೆ ಪ್ರಯೋಜನಕ್ಕೆ ಬರುವುದು ಇಂಥ ಒಪ್ಪಂದದ ಬಲದಿಂದಲೇ. ಒಂದು ಪದ ಎಲ್ಲಿರಬೇಕೆಂಬುದು ನಿಘಂಟುಕಾರನಿಗೂ ಓದುಗನಿಗೂ ಮೊದಲೇ ಗೊತ್ತಿರಬೇಕು.

ಅಕ್ಷರಗಳ ಕ್ರಮ ಗೊತ್ತಾದ ಮಾತ್ರಕ್ಕೆ ಪದಗಳ ಕ್ರಮ ಗೊತ್ತಾದಂತಲ್ಲ. ಗುಣಿತಾಕ್ಷರ ಎಲ್ಲಿ, ಒತ್ತಕ್ಷರ ಎಲ್ಲಿ ಎಂಬುದಕ್ಕೂ ನಿಯಮ ಬೇಕು. ‘ಕ’ದಿಂದ ಆರಂಭವಾಗುವ ಪದಗಳಲ್ಲಿ ‘ಕಮಲ’ ಮೊದಲು, ‘ಕಾಡು’ ಆಮೇಲೆ, ‘ಕೌರವ’ ಇನ್ನೂ ಆಮೇಲೆ, ಎಲ್ಲ ಮುಗಿದ ಮೇಲೆ ‘ಕ್ರಮ’, ‘ಕ್ಷಮೆ’. ಶಾಲೆಯಲ್ಲಿ ‘ಕ್ಷ’, ‘ಜ್ಞ’ಗಳನ್ನು ಕೊನೆಗೆ ಬೇರೆಯಾಗಿ ಹೇಳಿಕೊಡುವುದುಂಟು. ನಿಘಂಟಿನಲ್ಲಿ ಮಾತ್ರ ‘ಕ್ಷ’ವನ್ನು ‘ಕ’ದಲ್ಲೇ ಹುಡುಕಬೇಕು.

ಸೊನ್ನೆಯ ವಿಚಾರ ಇನ್ನಷ್ಟು ತೊಡಕಿನದು. ಪಂಚನಹಳ್ಳಿಯನ್ನೇ ತೆಗೆದುಕೊಳ್ಳಿ. ಕಾಗುಣಿತದಲ್ಲಿ ‘ಪ ಪಾ ಪಿ ಪೀ’ ಎಂದು ಹೊರಟು ‘ಪೌ’ ಆದ ಮೇಲೆ ‘ಪಂ ಪಃ’ ಎನ್ನುತ್ತೇವೆ. ಆ ಲೆಕ್ಕದಲ್ಲಿ ಪಂಚನಹಳ್ಳಿ ‘ಪೌ’ಗಳ ನಂತರ ಬರಬೇಕು. ಈಚಿನ ನಿಘಂಟುಗಳಲ್ಲಿ ಸಾಮಾನ್ಯವಾಗಿ ಸೊನ್ನೆಯ ಪದಗಳು ಆಯಾ ಅಕ್ಷರದ ಆರಂಭದಲ್ಲೇ ಸಿಗುತ್ತವೆ; ‘ಅಂಕ’, ‘ಅಂಗಡಿ’ಗಳನ್ನು ಮೊದಲ ಪುಟಗಳಲ್ಲೇ ಕಾಣುತ್ತೇವೆ. ಆ ಲೆಕ್ಕದಲ್ಲಿ ಪಂಚನಹಳ್ಳಿ ‘ಪ’ದ ಪದಗಳ ತಲೆಯಲ್ಲೇ ಇರಬೇಕು. ಹಳೆಯ ಬರವಣಿಗೆಯಂತೆ ಸೊನ್ನೆಯ ಬದಲು ಅನುನಾಸಿಕವನ್ನೇ ಇಟ್ಟು ‘ಪಞ್ಚನಹಳ್ಳಿ’ ಎಂದು ಬರೆದರೆ ಅದು ‘ಞ’ದ ಜಾಗಕ್ಕೆ, ನಡುವೆ ಎಲ್ಲೋ ಹೋಗುತ್ತದೆ. ಒಂದೇ ಊರಿಗೆ ಮೂರು ಜಾಗ! ಯಾವುದೂ ಅಸಂಬದ್ಧವಲ್ಲ. ಆದರೆ ಒಂದು ಪಟ್ಟಿಯಲ್ಲಿ ಒಂದೇ ನಿಯಮ ಇರಬೇಕು, ಅದು ಓದುಗನಿಗೆ ತಿಳಿದಿರಬೇಕು.

ಈಗ ಯಂತ್ರದ ಕಡೆಗೆ ಬರೋಣ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಆದ್ದರಿಂದ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡಬೇಕಾಯಿತು. ಅಮೆರಿಕದಲ್ಲಿ 1963ರಲ್ಲಿ ‘ಆಸ್ಕಿ’ ಎಂಬ ಸಂಕೇತ ಪಟ್ಟಿ ಬಂದಿತು. ಅದರಲ್ಲಿ ಇಂಗ್ಲಿಷಿನ ದೊಡ್ಡ ‘ಎ’ಗೆ 65, ದೊಡ್ಡ ‘ಜಡ್’ಗೆ 90. ಮುಂದೆ ಸೇರಿದ ಸಣ್ಣ ‘ಎ’ಗೆ 97. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ‘ಸಿ’ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದರು. ಇಂದಿಗೂ ಕಂಪ್ಯೂಟರ್‌ಗಳ ಒಳಗಿನ ಎಷ್ಟೋ ಮೂಲ ತಂತ್ರಾಂಶಗಳು ಆ ಭಾಷೆಯಲ್ಲೇ ಇವೆ. ಅದರಲ್ಲಿ ಎರಡು ಪದಗಳನ್ನು ಹೋಲಿಸಲು ‘ಸ್ಟ್ರಿಂಗ್ ಕಂಪೇರ್’ ಎಂಬ ಸಿದ್ಧ ಫಂಕ್ಷನ್ ಇದೆ. ಪ್ರೋಗ್ರಾಮು ಬರೆಯುವವರು ಅದನ್ನು ಚಿಕ್ಕದಾಗಿ ‘ಸ್ಟ್ರ್‌ಕಂಪ್’ ಎನ್ನುತ್ತಾರೆ. ಅದರ ಕೆಲಸ ಬಲು ಸರಳ. ಎರಡು ಪದಗಳನ್ನೂ ಆರಂಭದಿಂದ ನೋಡುತ್ತ ಹೋಗುತ್ತದೆ, ಸಂಖ್ಯೆಗಳು ಎಲ್ಲಿ ಬೇರೆಯಾಗುತ್ತವೋ ಅಲ್ಲಿ ನಿಂತು, ಚಿಕ್ಕ ಸಂಖ್ಯೆಯುಳ್ಳದ್ದು ಮೊದಲು ಎಂದು ತೀರ್ಪು ಕೊಡುತ್ತದೆ.

ಈ ತೀರ್ಪು ಇಂಗ್ಲಿಷಿಗೂ ಪೂರ್ತಿ ಸರಿಹೋಗುವುದಿಲ್ಲ. ಅಜ್ಜಂಪುರವನ್ನು ಇಂಗ್ಲಿಷಿನ ಸಣ್ಣ ‘ಎ’ಯಿಂದಲೂ ಬೀರೂರನ್ನು ದೊಡ್ಡ ‘ಬಿ’ಯಿಂದಲೂ ಬರೆದರೆ, 97ಕ್ಕಿಂತ 66 ಚಿಕ್ಕದಾದ್ದರಿಂದ ಬೀರೂರೇ ಮೊದಲು ಬರುತ್ತದೆ. ನಮ್ಮ ರೈತರಿಗೆ ತಿಳಿಯುವ ಇನ್ನೊಂದು ಉದಾಹರಣೆ ಸರ್ವೆ ನಂಬರಿನದು. 1, 2, 10 ಎಂಬ ಸರ್ವೆ ನಂಬರುಗಳನ್ನು ಅಂಕಿಯೆಂದು ತಿಳಿಸದೆ ಬರೀ ಬರಹವೆಂದು ಕೊಟ್ಟರೆ ಈ ಫಂಕ್ಷನ್ ಅವನ್ನು 1, 10, 2 ಎಂದು ಜೋಡಿಸುತ್ತದೆ. ‘10’ರ ಮೊದಲ ಚಿಹ್ನೆ ‘1’, ಅದು ‘2’ಕ್ಕಿಂತ ಚಿಕ್ಕದು. ಅದಕ್ಕೆ ಅಷ್ಟೇ ಸಾಕು.

ಕನ್ನಡಕ್ಕೆ ಸಂಖ್ಯೆಗಳು ಬಂದ ಬಗೆ ಹೀಗೆ. ಭಾರತದ ಲಿಪಿಗಳಿಗೆಲ್ಲ ಒಂದೇ ಅಚ್ಚಿನ ಸಂಕೇತ ಪಟ್ಟಿಯೊಂದನ್ನು ‘ಇಸ್ಕಿ’ ಎಂಬ ಹೆಸರಿನಲ್ಲಿ ನಮ್ಮ ದೇಶದಲ್ಲೇ ಮಾಡಲಾಯಿತು. ಅದರ 1988ರ ರೂಪವನ್ನು ಆಧರಿಸಿ 1991ರಲ್ಲಿ ಜಾಗತಿಕ ‘ಯೂನಿಕೋಡ್’ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತು. ಎಲ್ಲ ಲಿಪಿಗಳಿಗೂ ಒಂದೇ ಚೌಕಟ್ಟು ಇರಲೆಂದು ದೇವನಾಗರಿಯ ಯಾವ ಮನೆಯಲ್ಲಿ ಯಾವ ಅಕ್ಷರವೋ ಕನ್ನಡದ ಅದೇ ಮನೆಯಲ್ಲಿ ಅದೇ ಅಕ್ಷರವನ್ನು ಇಟ್ಟರು. ಅಲ್ಲಿ ‘ಳ’ದ ಮನೆ ‘ಲ’ದ ಪಕ್ಕದಲ್ಲಿತ್ತು. ಹೀಗಾಗಿ ಕನ್ನಡದ ‘ಲ’ಕ್ಕೆ 3250, ‘ಳ’ಕ್ಕೆ 3251, ‘ವ’ಕ್ಕೆ 3253, ‘ಸ’ಕ್ಕೆ 3256, ‘ಹ’ಕ್ಕೆ 3257 ಎಂಬ ಸಂಖ್ಯೆಗಳು ಬಂದವು. ಈಗ ಹೊಸದುರ್ಗ, ಹೊಳಲ್ಕೆರೆಗಳ ಒಗಟು ಬಿಡಿಸಿದಂತಾಯಿತು. ‘ಹೊ’ವರೆಗೆ ಎರಡೂ ಸಮ. ಆಮೇಲೆ ಒಂದು ಕಡೆ 3256, ಇನ್ನೊಂದು ಕಡೆ 3251. ಚಿಕ್ಕದು ಮೊದಲು! ಬಳ್ಳಾರಿ, ಬಸವಕಲ್ಯಾಣಗಳಿಗೂ ಇದೇ ಗತಿ. ನಿಘಂಟಿನಲ್ಲಿ ಬಸವಕಲ್ಯಾಣ ಮೊದಲಾದರೆ ಯಂತ್ರದಲ್ಲಿ ಬಳ್ಳಾರಿ ಮೊದಲು. ಹಳಗನ್ನಡದ ‘ೞ’ದ ಕಥೆ ಇನ್ನೂ ವಿಚಿತ್ರ. ಅದಕ್ಕೆ 3294 ಎಂಬ ಸಂಖ್ಯೆ ಕೊಟ್ಟು ಗುಣಿತ ಚಿಹ್ನೆಗಳಿಗಿಂತಲೂ ಆಚೆ ಕೂರಿಸಿದ್ದಲ್ಲದೆ, ಹೆಸರನ್ನೂ ತಪ್ಪಾಗಿ ‘ಫ’ ಎಂದು ಬರೆದರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ. ಆದ್ದರಿಂದ ಆ ತಪ್ಪು ಹೆಸರು ಇಂದಿಗೂ ಉಳಿದಿದೆ, ಪಕ್ಕದಲ್ಲಿ ತಿದ್ದುಪಡಿಯ ಟಿಪ್ಪಣಿ ಸೇರಿದೆ.

ಇದನ್ನು ಕೇಳಿ ಯೂನಿಕೋಡಿನವರು ಕನ್ನಡಕ್ಕೆ ಅನ್ಯಾಯ ಮಾಡಿದರೆಂದು ಕೋಪಿಸಿಕೊಳ್ಳಬೇಕಾಗಿಲ್ಲ. ಸಂಕೇತದ ಸಂಖ್ಯೆ ಗುರುತಿಗಾಗಿ ಇರುವುದು, ಸರದಿಗಾಗಿ ಅಲ್ಲ. ನಿಮ್ಮ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. 1901ರಲ್ಲಿ ಬಿ.ಎಲ್. ರೈಸ್ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟ ಆಗಿನ ಕಡೂರು ಜಿಲ್ಲೆಯದು. ಅದರಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆಗಳಿವೆ. ಸಂಖ್ಯೆಯಲ್ಲಿ ಮುಂದಿರುವ ಶಾಸನ ಕಾಲದಲ್ಲಿ ಹಳೆಯದೆಂದು ಯಾರೂ ಹೇಳುವುದಿಲ್ಲ. ಕಾಲಾನುಕ್ರಮ ಬೇಕಾದವರು ಶಾಸನದ ತೇದಿ ನೋಡಿ ಬೇರೆ ಪಟ್ಟಿ ಮಾಡಿಕೊಳ್ಳುತ್ತಾರೆ. ಹಾಗೆಯೇ ಅಕಾರಾದಿ ಬೇಕಾದವರು ಅಕ್ಷರದ ಸಂಖ್ಯೆಯನ್ನು ನಂಬದೆ ಬೇರೆ ಕೋಷ್ಟಕವನ್ನು ನೋಡಬೇಕು.

ಅಂಥ ಕೋಷ್ಟಕಕ್ಕೆ ‘ಸಿ’ ಭಾಷೆಯಲ್ಲಿ ಬಾಗಿಲು ತೆರೆದದ್ದು 1989ರಲ್ಲಿ. ಆ ವರ್ಷ ಅಮೆರಿಕದ ಮಾನಕ ಸಂಸ್ಥೆ ‘ಸಿ’ಗೆ ಅಧಿಕೃತ ರೂಪ ಕೊಟ್ಟಿತು, 1990ರಲ್ಲಿ ಅದೇ ಅಂತರರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ‘ಲೊಕೇಲ್’ ಎಂಬ ಕಲ್ಪನೆ ಬಂದಿತು. ಒಂದು ನಾಡಿನವರು ದಶಮಾಂಶ ಚಿಹ್ನೆ ಹೇಗೆ ಹಾಕುತ್ತಾರೆ, ತೇದಿ ಹೇಗೆ ಬರೆಯುತ್ತಾರೆ, ಹಣವನ್ನು ಹೇಗೆ ನಮೂದಿಸುತ್ತಾರೆ, ಪದಗಳನ್ನು ಹೇಗೆ ಸಾಲಾಗಿಸುತ್ತಾರೆ ಎಂಬ ಪದ್ಧತಿಗಳ ಒಟ್ಟು ಗಂಟಿಗೆ ಲೊಕೇಲ್ ಎಂದು ಹೆಸರು. ಪದಗಳನ್ನು ಆಯಾ ನಾಡಿನ ಪದ್ಧತಿಯಂತೆ ಹೋಲಿಸಲು ‘ಸ್ಟ್ರ್‌ಕೋಲ್’ ಎಂಬ ಇನ್ನೊಂದು ಫಂಕ್ಷನ್ ಸೇರಿತು. ಸಾವಿರಾರು ಪದಗಳನ್ನು ಮತ್ತೆ ಮತ್ತೆ ಹೋಲಿಸುವ ಶ್ರಮ ತಪ್ಪಿಸಲು ಪ್ರತಿ ಪದಕ್ಕೂ ಮೊದಲೇ ಒಂದು ಸರದಿ ಚೀಟಿ ಬರೆದುಕೊಡುವ ಮತ್ತೊಂದು ಫಂಕ್ಷನ್ ಕೂಡ ಬಂದಿತು. ಆ ಚೀಟಿಗಳನ್ನು ಹಳೆಯ ‘ಸ್ಟ್ರ್‌ಕಂಪ್’ ಹೋಲಿಸಿದರೂ ಸರಿಯಾದ ಕ್ರಮವೇ ಸಿಗುತ್ತದೆ.

ಇಲ್ಲಿ ಒಂದು ಮುಖ್ಯ ಅಂಶವಿದೆ. ‘ಸಿ’ಯಲ್ಲಿ ಬರೆದ ಯಾವ ಪ್ರೋಗ್ರಾಮೇ ಆಗಲಿ, ಓಡಲು ಆರಂಭಿಸಿದಾಗ ಯಾವ ನಾಡಿಗೂ ಸೇರಿರುವುದಿಲ್ಲ. ‘ಸಿ’ ಎಂಬ ಹೆಸರಿನದೇ ಆದ ಒಂದು ಬರಿಯ ಲೊಕೇಲಿನಲ್ಲಿ ಇರುತ್ತದೆ. ‘ಸೆಟ್‌ಲೊಕೇಲ್’ ಎಂಬ ಆಜ್ಞೆಯಿಂದ ಇಂಥ ನಾಡಿನ ಪದ್ಧತಿ ಅನುಸರಿಸು ಎಂದು ಪ್ರೋಗ್ರಾಮು ಬರೆದವರು ಹೇಳಬೇಕು. ಹೇಳದಿದ್ದರೆ ‘ಸ್ಟ್ರ್‌ಕೋಲ್’ ಇದ್ದೂ ಪ್ರಯೋಜನವಿಲ್ಲ. ಅದು ‘ಸ್ಟ್ರ್‌ಕಂಪ್’ನಂತೆಯೇ ಅಂಕಿ ನೋಡಿ ತೀರ್ಪು ಕೊಡುತ್ತದೆ. ಭಾರತದ ಕನ್ನಡಕ್ಕೆ ‘ಕೆಎನ್–ಐಎನ್’ ಎಂಬ ಲೊಕೇಲ್ ಲಿನಕ್ಸ್ ವ್ಯವಸ್ಥೆಯಲ್ಲಿ ಲಭ್ಯವಿದೆ. ಯೂನಿಕೋಡ್ ಸಂಸ್ಥೆಯೂ ಅನುಕ್ರಮಕ್ಕೆಂದೇ ಬೇರೆ ಕೋಷ್ಟಕ ಇಟ್ಟಿದೆ. ಅದರಲ್ಲಿ ನಮ್ಮ ‘ಳ’ವನ್ನು ‘ಹ’ ಆದ ಮೇಲೆಯೇ ಇಟ್ಟಿದ್ದಾರೆ. ಮನೆ ಕಟ್ಟಿದೆ, ಬೀಗದ ಕೈಯೂ ಸಿದ್ಧವಿದೆ. ಒಳಗೆ ಹೋಗುವವರು ಮಾತ್ರ ಕೇಳಿ ಪಡೆದುಕೊಳ್ಳಬೇಕು.

ಕ್ರಮದ ಈ ತೊಡಕು ನಮಗೆ ಮಾತ್ರ ಬಂದದ್ದಲ್ಲ. ಸ್ವೀಡನ್ನಿನವರಿಗೆ ‘ಜಡ್’ ಆದ ಮೇಲೆ ಇನ್ನೂ ಮೂರು ಅಕ್ಷರಗಳಿವೆ. ಜರ್ಮನರಲ್ಲಿ ಮೇಲೆ ಎರಡು ಚುಕ್ಕೆಯಿರುವ ‘ಎ’ಗೆ ನಿಘಂಟಿನಲ್ಲಿ ಒಂದು ಕ್ರಮ, ಹೆಸರುಗಳ ಪಟ್ಟಿಗೆ ಇನ್ನೊಂದು ಕ್ರಮ. ಸ್ಪ್ಯಾನಿಷ್ ಭಾಷೆಯಲ್ಲಿ ‘ಸಿ–ಎಚ್’ ಹಾಗೂ ‘ಎಲ್–ಎಲ್’ ಜೋಡಿಗಳು ನಿಘಂಟಿನಲ್ಲಿ ಪ್ರತ್ಯೇಕ ಅಕ್ಷರಗಳಂತೆ ಬೇರೆ ವಿಭಾಗಗಳಲ್ಲಿದ್ದವು. 1994ರಲ್ಲಿ ಸ್ಪ್ಯಾನಿಷ್ ಭಾಷಾ ಅಕಾಡೆಮಿಗಳು ಸಭೆ ಸೇರಿ, ಇನ್ನು ಮುಂದೆ ಅವನ್ನು ‘ಸಿ’ ಮತ್ತು ‘ಎಲ್’ಗಳ ಒಳಗೇ ಸೇರಿಸುವುದೆಂದು ತೀರ್ಮಾನಿಸಿದವು. ಕ್ರಮ ಬದಲಾಗಬಾರದೆಂದಿಲ್ಲ. ಬದಲಾಗುವುದಾದರೆ ಆ ಭಾಷೆಯವರು ಕೂತು ಚರ್ಚಿಸಿ ಬದಲಿಸಬೇಕು. ಎಲ್ಲೋ ಒಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆಯಲು ಮರೆತದ್ದರಿಂದ ಬದಲಾಗಬಾರದು.

ಕ್ರಮ ಸ್ವಲ್ಪ ಹಿಂದುಮುಂದಾದರೆ ಗಂಟು ಹೋಗುವುದೇನು ಎಂದು ನೀವು ಕೇಳಬಹುದು. 2018ರ ಆಗಸ್ಟಿನ ಒಂದು ಪ್ರಸಂಗ ಹೇಳುತ್ತೇನೆ. ಲಿನಕ್ಸಿನಲ್ಲಿ ಬಳಸುವ ‘ಗ್ನು ಸಿ’ ಲೈಬ್ರರಿಯ 2.28ನೆಯ ಆವೃತ್ತಿ ಆಗ ಹೊರಬಂದಿತು. ಅದರಲ್ಲಿ ಲೋಕದ ಭಾಷೆಗಳ ಅನುಕ್ರಮ ಕೋಷ್ಟಕವನ್ನು ಹೊಸ ಮಾನಕಕ್ಕೆ ತಕ್ಕಂತೆ ಪರಿಷ್ಕರಿಸಿದ್ದರು. ಉದ್ದೇಶ ಒಳ್ಳೆಯದೇ. ಆದರೆ ‘ಪೋಸ್ಟ್‌ಗ್ರೆಸ್’ ಎಂಬ ದತ್ತಾಂಶ ವ್ಯವಸ್ಥೆಯನ್ನು ಬಳಸುತ್ತಿದ್ದ ಕಡೆಗಳಲ್ಲಿ ದಾಖಲೆಗಳ ಸೂಚಿಯನ್ನು ಹಳೆಯ ಕ್ರಮದಲ್ಲಿ ಕಟ್ಟಲಾಗಿತ್ತು. ಹುಡುಕುವ ಕೆಲಸ ಹೊಸ ಕ್ರಮದಲ್ಲಿ ನಡೆಯಿತು. ಪರಿಣಾಮವಾಗಿ ಕಣ್ಣೆದುರು ಇರುವ ದಾಖಲೆಯನ್ನೇ ಯಂತ್ರ ‘ಇಲ್ಲ’ ಎನ್ನತೊಡಗಿತು. ಒಂದೇ ಇರಬೇಕಾದದ್ದು ಎರಡಾಗಿ ಸೇರುವುದಕ್ಕೂ ದಾರಿಯಾಯಿತು. ಸೂಚಿಗಳನ್ನೆಲ್ಲ ಹೊಸದಾಗಿ ಕಟ್ಟದೆ ಬೇರೆ ಉಪಾಯವಿರಲಿಲ್ಲ. ನಿಘಂಟಿನ ಪುಟಗಳನ್ನು ಇದ್ದಂತೆಯೇ ಬಿಟ್ಟು, ಹುಡುಕುವವನ ತಲೆಯಲ್ಲಿ ಮಾತ್ರ ವರ್ಣಮಾಲೆಯನ್ನು ಬದಲಿಸಿದರೆ ಏನಾದೀತೋ ಅದೇ ಆಯಿತು.

ಕರ್ನಾಟಕದಲ್ಲಿ 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿನೊಳಗೆ ಹೋದವು. ಆಮೇಲೆ ಪಡಿತರ, ಪಿಂಚಣಿ, ಪರೀಕ್ಷೆ, ವಿದ್ಯಾರ್ಥಿವೇತನಗಳ ಪಟ್ಟಿಗಳೂ ಯಂತ್ರ ಸೇರಿದವು. ಇಂಥ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿದಾಗ ಜನ ತಮಗೆ ಗೊತ್ತಿರುವ ಜಾಗದಲ್ಲೇ ಹೆಸರು ಹುಡುಕುತ್ತಾರೆ. ಅಲ್ಲಿ ಕಾಣದಿದ್ದರೆ ‘ನನ್ನ ಹೆಸರು ಬಂದಿಲ್ಲ’ ಎಂದು ಮನೆಗೆ ಹೋಗುತ್ತಾರೆ. ತಪ್ಪು ಜಾಗದಲ್ಲಿರುವ ಹೆಸರು ಪಟ್ಟಿಯಲ್ಲಿ ಇಲ್ಲದ ಹೆಸರಿಗೆ ಸಮ.

ಈಗೆಲ್ಲ ಹೆಸರು ಒತ್ತಿ ಹುಡುಕಿದರೆ ಸಿಗುತ್ತದಲ್ಲ, ಕ್ರಮದ ಗೊಡವೆ ಏಕೆ ಎಂದು ಯುವಕರು ಕೇಳುತ್ತಾರೆ. ಹುಡುಕಬೇಕಾದರೆ ಕಾಗುಣಿತ ಕರಾರುವಾಕ್ಕಾಗಿ ಗೊತ್ತಿರಬೇಕು. ಹೊಳಲ್ಕೆರೆಯನ್ನು ಕೆಲವರು ‘ಹೊಳಲ್‌ಕೆರೆ’ ಎಂದು ಒತ್ತಕ್ಷರ ಬಿಡಿಸಿ ಬರೆಯುತ್ತಾರೆ. ಹಾಗೆ ಬಿಡಿಸಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರುತ್ತದೆ, ಅಂಕಿ ಮಾತ್ರ ನೋಡುವ ಯಂತ್ರಕ್ಕೆ ಅವು ಎರಡು ಬೇರೆ ಊರುಗಳು. ನಿಮ್ಮ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ‘ಸಿ–ಎಚ್’ ಆದ ಮೇಲೆ ಒಬ್ಬರು ‘ಎ–ಯು’ ಎಂದು, ಇನ್ನೊಬ್ಬರು ‘ಒ–ಯು’ ಎಂದು, ಮತ್ತೊಬ್ಬರು ‘ಒ–ಡಬ್ಲ್ಯು’ ಎಂದು ಬರೆಯುತ್ತಾರೆ. ಇಂಗ್ಲಿಷ್ ಕ್ರಮದಲ್ಲಿ ಈ ರೂಪಗಳ ನಡುವೆ ಚಿಕ್ಕಮಗಳೂರು, ಚಿತ್ರದುರ್ಗಗಳು ಬಂದು ಕೂರುತ್ತವೆ. ಕನ್ನಡದಲ್ಲಾದರೆ ಚನ್ನಗಿರಿ, ಚಿಕ್ಕಮಗಳೂರು, ಚಿತ್ರದುರ್ಗಗಳ ನಂತರ ಚೌಳಹಿರಿಯೂರು ತನ್ನ ಒಂದೇ ಜಾಗದಲ್ಲಿ ಇರುತ್ತದೆ. ಸರಿಯಾಗಿ ಜೋಡಿಸಿದ ಪಟ್ಟಿಯಲ್ಲಿ ಒಂದಕ್ಷರ ತಪ್ಪಿದ್ದರೂ ಅಕ್ಕಪಕ್ಕ ಕಣ್ಣಾಡಿಸಿ ಹಿಡಿಯಬಹುದು. ಹುಡುಕಾಟಕ್ಕೆ ಅಕ್ಕಪಕ್ಕ ಎಂಬುದಿಲ್ಲ.

ನಿಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಬಿಡದೆ ಮಾತನಾಡಿದರು. ಈಗ ಕನ್ನಡ ಪರದೆಯ ಮೇಲೆ ಧಾರಾಳವಾಗಿ ಮೂಡುತ್ತಿದೆ. ಆದರೆ ಅಕ್ಷರ ಮೂಡಿದ ಮಾತ್ರಕ್ಕೆ ಯಂತ್ರ ಕನ್ನಡದ ರೀತಿಯಲ್ಲಿ ನಡೆಯುತ್ತಿದೆಯೆಂದು ತಿಳಿಯಬಾರದು. ಅದನ್ನು ಪರೀಕ್ಷಿಸುವುದು ಸುಲಭ. ಯಾವುದೇ ತಂತ್ರಾಂಶದಲ್ಲಿ ಹೊಸದುರ್ಗ, ಹೊಳಲ್ಕೆರೆ ಎಂಬೆರಡು ಹೆಸರು ಬರೆದು ಅಕಾರಾದಿಯಾಗಿ ಜೋಡಿಸಲು ಹೇಳಿ. ಹೊಳಲ್ಕೆರೆ ಮೇಲೆ ಬಂದರೆ, ಆ ತಂತ್ರಾಂಶಕ್ಕೆ ಕನ್ನಡದ ಕ್ರಮವನ್ನು ಇನ್ನೂ ಯಾರೂ ಹೇಳಿಲ್ಲವೆಂದು ತಿಳಿಯಿರಿ.

ಇಲ್ಲಿರುವ ಶಿಕ್ಷಕರಲ್ಲಿ ನನ್ನ ಕೋರಿಕೆ ಒಂದೇ. ಮಕ್ಕಳ ಕೈಗೆ ನಿಘಂಟು ಕೊಟ್ಟು ಪದ ಹುಡುಕಿಸಿ. ‘ಳ’ ಎಲ್ಲಿ, ‘ಕ್ಷ’ ಎಲ್ಲಿ, ಸೊನ್ನೆ ಎಲ್ಲಿ ಎಂಬುದು ಅವರಿಗೆ ಅಭ್ಯಾಸವಾಗಲಿ. ಅವರಲ್ಲಿ ಕೆಲವರು ನಾಳೆ ಪ್ರೋಗ್ರಾಮು ಬರೆಯುವವರಾಗುತ್ತಾರೆ. ತಮ್ಮ ಭಾಷೆಗೆ ಒಂದು ಕ್ರಮವಿದೆ ಎಂದು ತಿಳಿದವರು ಮಾತ್ರ ಅದನ್ನು ಯಂತ್ರಕ್ಕೆ ಹೇಳಬಲ್ಲರು. ಆ ಒಂದು ಸಾಲನ್ನು ಬರೆಯುವುದು ಕಷ್ಟವಲ್ಲ. ಬರೆಯಬೇಕೆಂಬ ನೆನಪಿದ್ದರೆ ಸಾಕು.